ಕುಸನೂರಿನ ನೀಲಗಿರಿಯಿಂದ ಗದಗಿನ ಗಾಳಿವರೆಗೆ

ಗದಗದಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ, ಅದರ ಮೇಲೆ ಗಾಳಿ ಫ್ಯಾನುಗಳು. ಒಮ್ಮೊಮ್ಮೆ ಒಂದೇ ಒಂದು ರೆಕ್ಕೆ ಹೊತ್ತ ಲಾರಿ ಎದುರಾಗುತ್ತದೆ. ಅದು ತಿರುವು ದಾಟುವವರೆಗೆ ಬಸ್ಸು, ಟ್ರ್ಯಾಕ್ಟರ್, ಬೈಕು ಎಲ್ಲ ನಿಲ್ಲಬೇಕು. ಒಬ್ಬ ಮುಂದೆ ಕೈ ಬೀಸುತ್ತ ದಾರಿ ಬಿಡಿಸುತ್ತಾನೆ, ಇನ್ನೊಬ್ಬ ಉದ್ದನೆ ಕೋಲಿನಿಂದ ಕರೆಂಟ್ ತಂತಿ ಎತ್ತಿ ಹಿಡಿಯುತ್ತಾನೆ. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ: 1,331 ಮೆಗಾವ್ಯಾಟ್.

ಬಿಸಿಯಾಗುತ್ತಿರುವ ಹವೆಗೆ ಉದ್ಯಮಗಳೇ ಮೊದಲು ಏನಾದರೂ ಮಾಡಬೇಕು ಅನ್ನುವ ಮಾತು ಈಗ ಜಾಸ್ತಿ ಕೇಳುತ್ತದೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಹಸಿರು ಮಾಡುತ್ತೇವೆ ಎಂದು ಕಂಪನಿಯೊಂದು ನಮ್ಮ ಭಾಗಕ್ಕೆ ಬಂದದ್ದು ಇದೇ ಮೊದಲಲ್ಲ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ. ಕಾರ್ಖಾನೆಗೆ ಬೇಕಿದ್ದದ್ದು ರೇಯಾನ್ ನೂಲು ತಯಾರಿಸುವ ತಿರುಳಿಗೆ ಕಟ್ಟಿಗೆ. ಕಾಗದದ ಮೇಲೆ ಎಲ್ಲ ಚೆಂದ: ಪಾಳು ಬಿದ್ದ ನೆಲಕ್ಕೆ ಮರ. ಆ ‘ಪಾಳು’ ನೆಲದಲ್ಲೇ ಊರಿನ ದನ ಮೇಯುತ್ತಿದ್ದವು, ಹೆಣ್ಣುಮಕ್ಕಳು ಒಲೆಗೆ ಪುಳ್ಳೆ ಆರಿಸುತ್ತಿದ್ದರು. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ.

1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅವರ ಜೊತೆಗಿತ್ತು. ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಅಂತಲೇ ಆ ಸತ್ಯಾಗ್ರಹದ ಹೆಸರು. ಬರೀ ಕಿತ್ತು ಹೋಗಿದ್ದರೆ ಅದು ಸಿಟ್ಟಾಗಿ ಉಳಿಯುತ್ತಿತ್ತು. ಹಚ್ಚಿದ್ದರಿಂದ ಊರಿಗೆ ಎಂಥ ಹಸಿರು ಬೇಕು ಅನ್ನುವುದೂ ಗೊತ್ತಾಯಿತು. ಈ ಯೋಜನೆಯ ವಿರುದ್ಧ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಗಾಳಿ ವಿದ್ಯುತ್ತನ್ನು ನೀಲಗಿರಿಗೆ ಹೋಲಿಸುವುದು ಸರಿಯಲ್ಲ. ಅದು ಕಲ್ಲಿದ್ದಲಿನ ಹೊಗೆಯನ್ನು ನಿಜವಾಗಿಯೂ ತಪ್ಪಿಸುತ್ತದೆ. ಆದರೂ ಫ್ಯಾನಿಗೆ ನೆಲ ಬೇಕೇ ಬೇಕು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಕೆಳಗಿನ ಎರೆ ಹೊಲಗಳಲ್ಲೂ ಈಗ ಕಂಬಗಳು ಎದ್ದಿವೆ. ಕಂಬ ನಿಂತ ಹೊಲದವರಿಗೆ ದುಡ್ಡು ಬರುತ್ತದೆ. ಕ್ರೇನ್ ಹೋಗಲು ಎತ್ತರಿಸಿದ ಗರಸಿನ ದಾರಿ ಮಳೆನೀರಿಗೆ ಅಡ್ಡವಾದರೆ ನೀರು ನಿಲ್ಲುವುದು ಪಕ್ಕದವರ ಹೊಲದಲ್ಲಿ. ಮುಂದಾಳತ್ವ ವಹಿಸುವ ಕಂಪನಿ ಕರಾರಿಗೆ ಸಹಿ ಹಾಕುವ ಮುನ್ನ ಆ ಪಕ್ಕದ ಹೊಲದವರ ಮನೆಗೂ ಹೋಗಬೇಕು, ಅಲ್ವಾ?

ಈ ವಿದ್ಯುತ್ತನ್ನು ಕೊಳ್ಳುವವರ ಲೆಕ್ಕವೂ ಬದಲಾಗಿದೆ. ಗಾಳಿ, ಬಿಸಿಲಿನ ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಲು ಮೊದಲು 1 ಮೆಗಾವ್ಯಾಟ್ ಬೇಡಿಕೆ ಇರಬೇಕಿತ್ತು. ಅಂದರೆ ದೊಡ್ಡ ಕಾರ್ಖಾನೆಗಳಿಗಷ್ಟೇ ಆ ಬಾಗಿಲು. 2022ರ ಜೂನ್‌ನಲ್ಲಿ ಕೇಂದ್ರದ ಹೊಸ ನಿಯಮ ಆ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಮಧ್ಯಮ ಘಟಕಗಳೂ ಈಗ ಕೇಳಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳನ್ನು. ಒಳಗೆ ಮೆಣಸಿನಕಾಯಿ ಚೀಲಗಳು ಸೂರಿನವರೆಗೆ. ಬಾಗಿಲು ತೆರೆದರೆ ತಣ್ಣನೆ ಗಾಳಿಯ ಜೊತೆಗೆ ಮೂಗಿಗೆ ಖಾರ. ಕಾಯಿಯ ಕೆಂಪು ಮಾಸಬಾರದು, ಬೆಲೆ ಇರುವುದೇ ಆ ಬಣ್ಣಕ್ಕೆ. ಅದಕ್ಕಾಗಿ ತಿಂಗಳುಗಟ್ಟಲೆ ಕಂಪ್ರೆಸರ್ ಓಡಬೇಕು. ಬಿಸಿಲು ಏರಿದಷ್ಟೂ ಅದಕ್ಕೆ ಕೆಲಸ ಜಾಸ್ತಿ. ಅದೇ ಬಿಸಿಲಿನಲ್ಲಿ ಮೇಲಿನ ತಗಡು ಸುಮ್ನೆ ಕಾಯುತ್ತದೆ. ಅಲ್ಲಿ ಸೋಲಾರ್ ಹಲಗೆ ಕೂರಿಸಿದರೆ ಕರೆಂಟ್ ಬೇಕಾದ ಹೊತ್ತಿಗೇ ಕರೆಂಟ್ ಬರುತ್ತದೆ, ತಗಡಿಗೆ ನೆರಳೂ ಆಗುತ್ತದೆ. ಯಾರ ದನದ ಮೇವಿನ ಜಾಗವೂ ಹೋಗುವುದಿಲ್ಲ.