ಡ್ರೈವರ್ ಬದಲಿಸಲೋ, ಸ್ವಿಂಗ್ ಬದಲಿಸಲೋ?

ಓದುಗರ ಪ್ರಶ್ನೆ: ಸರ್, ನಾನು ಧಾರವಾಡದ ಕಡೆಯವನು, ಕೆಲಸಕ್ಕಾಗಿ ಪುಣೆಯಲ್ಲಿದ್ದೇನೆ. ಗಾಲ್ಫ್ ಹಿಡಿದು ಕೆಲವು ವರ್ಷಗಳಾದವು. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು) 22ಕ್ಕೆ ಬಂದು ನಿಂತಿದೆ, ಕೆಳಗಿಳಿಯುತ್ತಿಲ್ಲ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್) ಎತ್ತಿದರೆ ಸಾಕು, ಚೆಂಡು ಬಲಕ್ಕೆ ತಿರುಗಿ ಪಕ್ಕದ ಫೇರ್‌ವೇ ಸೇರುತ್ತದೆ. ಜೊತೆಯಲ್ಲಿ ಆಡುವವರು ಹೊಸ ಡ್ರೈವರ್ ತಗೋ ಅನ್ನುತ್ತಾರೆ. ಕೋಚ್ ಸ್ವಿಂಗ್ ಸರಿಮಾಡಿಕೋ ಅನ್ನುತ್ತಾರೆ. ಯೂಟ್ಯೂಬ್ ನೋಡಿದರೆ ವಾರಕ್ಕೊಂದು ಹೊಸ ಉಪಾಯ. ಯಾವುದನ್ನು ಮೊದಲು ಬದಲಿಸಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ಬಿಡಿ. ಚೆಂಡು ನಿಮ್ಮ ಡ್ರೈವರ್‌ನ ಮುಖದ ಮೇಲೆ ಎಲ್ಲಿ ತಾಗುತ್ತಿದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಇದು ಗೊತ್ತಿಲ್ಲದೆ ಅಂಗಡಿಗೆ ಹೋದರೂ ಕತ್ತಲಲ್ಲಿ ಹುಡುಕಿದ ಹಾಗೆ, ಸ್ವಿಂಗ್ ತಿದ್ದಲು ಹೊರಟರೂ ಅಷ್ಟೇ.

ನಿಮ್ಮ ಆಫೀಸಿನಲ್ಲಿ ವೈಟ್‌ಬೋರ್ಡ್ ಮಾರ್ಕರ್ ಇದ್ದೇ ಇರುತ್ತದೆ. ಅದನ್ನು ಅಭ್ಯಾಸದ ರೇಂಜಿಗೆ ತನ್ನಿ. ಚೆಂಡಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಸಿ ಹಚ್ಚಿ, ಮಸಿ ಇರುವ ಕಡೆ ಕ್ಲಬ್‌ನ ಮುಖಕ್ಕೆ ಎದುರಾಗುವಂತೆ ಟೀ ಮೇಲಿಟ್ಟು, ಎಂದಿನಂತೆ ಹೊಡೆಯಿರಿ. ಕ್ಲಬ್ ತಿರುಗಿಸಿ ನೋಡಿದರೆ ತಾಗಿದ ಜಾಗದಲ್ಲಿ ಸಣ್ಣ ಗುಂಡು ಗುರುತು ಬಿದ್ದಿರುತ್ತದೆ, ಮಸಿ ಹಸಿಯಿದ್ದರೆ ಚೆಂಡಿನ ಗುಳಿಗಳ ಅಚ್ಚು ಕೂಡ ಕಾಣುತ್ತದೆ. ಒರೆಸಬೇಡಿ. ಹತ್ತು ಚೆಂಡು ಹೊಡೆದು ಹತ್ತೂ ಗುರುತು ಒಟ್ಟಿಗೆ ನೋಡಿ. ಒಂದೆರಡು ಎಲ್ಲೆಲ್ಲೋ ಬಿದ್ದಿರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗುಂಪು ಎಲ್ಲಿ ಕಟ್ಟಿದೆ ಅನ್ನುವುದೇ ಮುಖ್ಯ.

ಬಲಕ್ಕೆ ತಿರುಗಿಸುವವರಲ್ಲಿ ಅನೇಕರ ಗುಂಪು ಹೀಲ್ ಕಡೆಗೆ, ಅಂದರೆ ಶಾಫ್ಟ್ (ಕ್ಲಬ್‌ನ ಕೋಲು) ಬಂದು ಸೇರುವ ಕಡೆಗೆ ಕಟ್ಟಿರುತ್ತದೆ. ಡ್ರೈವರ್ ತಲೆಯ ಭಾರದ ಕೇಂದ್ರ ಮುಖದಿಂದ ಸಾಕಷ್ಟು ಹಿಂದೆ ಇದೆ. ಹಾಗಾಗಿ ಹೀಲ್‌ಗೆ ತಾಗಿದಾಗ ತಲೆ ಒಂದು ಕಡೆ ತಿರುಗುತ್ತದೆ, ಚೆಂಡು ಹಲ್ಲುಚಕ್ರ ಕೂಡಿದಂತೆ ಅದಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಬಲಗೈ ಆಟಗಾರನಿಗೆ ಹೀಲ್ ಏಟು ಬಲಕ್ಕೆ ಬಾಗುವ ಸುತ್ತು ಕೊಡುತ್ತದೆ, ಟೋ, ಅಂದರೆ ಆಚೆ ತುದಿಯ ಏಟು ಎಡಕ್ಕೆ. ಅಂದರೆ ನಿಮ್ಮ ಸ್ಲೈಸ್‌ನಲ್ಲಿ (ಚೆಂಡು ಹೀಗೆ ಬಲಕ್ಕೆ ಬಾಗುವುದರಲ್ಲಿ) ಒಂದು ಪಾಲು ಸ್ವಿಂಗ್‌ನ ದಾರಿಯದ್ದಲ್ಲದೆ, ತಾಗಿದ ಜಾಗದ್ದೇ ಆಗಿರಬಹುದು. ಹಾಗಿದ್ದರೆ ಪ್ರಯೋಗಕ್ಕೆ ಒಂದು ಪೈಸೆ ಖರ್ಚಿಲ್ಲ. ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಹತ್ತು ಹೊಡೆಯಿರಿ. ಅಂಗಡಿಯ ಡ್ರೈವರ್‌ಗಳು ಸಾಮಾನ್ಯವಾಗಿ 45 ಇಂಚು ದಾಟಿರುತ್ತವೆ, ಎಲ್ಲರ ಮೈಕಟ್ಟಿಗೂ ಅಷ್ಟು ಉದ್ದ ಒಗ್ಗುವುದಿಲ್ಲ. ಆಮೇಲೆ ಎಂದಿನ ಹಿಡಿತದಲ್ಲೇ, ಚೆಂಡಿನಿಂದ ಎಂದಿಗಿಂತ ಅರ್ಧ ಚೆಂಡಿನಷ್ಟು ಹೆಚ್ಚು ದೂರ ನಿಂತು ಇನ್ನೊಂದು ಹತ್ತು. ಯಾವುದರಲ್ಲಿ ಗುರುತುಗಳು ನಡುವಿಗೆ ಸರಿದವೋ ಅದೇ ನಿಮ್ಮ ಮೊದಲ ಬದಲಾವಣೆ. ಇಂಚು ಕಡಿಮೆ ಮಾಡಿದ್ದೇ ಸರಿಹೋದರೂ ಶಾಫ್ಟ್ ಕತ್ತರಿಸಲು ಅವಸರ ಬೇಡ. ಅರ್ಧ ಇಂಚು ಕತ್ತರಿಸಿದರೂ ತಲೆ ಹಗುರಾದಂತೆ ಅನಿಸುತ್ತದೆ, ಅದನ್ನು ಸರಿದೂಗಿಸಲು ತಲೆಗೆ ಸೀಸದ ಪಟ್ಟಿ ಅಂಟಿಸಬೇಕಾಗುತ್ತದೆ.

ಗುರುತು ನಡುವಿನಲ್ಲೇ ಇದ್ದು ಚೆಂಡು ಆದರೂ ಬಲಕ್ಕೇ ತಿರುಗಿದರೆ ಆಗ ಮುಖದ ದಿಕ್ಕನ್ನು ಅನುಮಾನಿಸಬೇಕು. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಮುಖ ಎತ್ತ ನೋಡುತ್ತಿದೆ ಅನ್ನುವುದು. ಆಮೇಲೆ ಎಷ್ಟು ಬಾಗುತ್ತದೆ ಅನ್ನುವುದು, ಮುಖದ ದಿಕ್ಕಿಗೂ ಕ್ಲಬ್ ಬೀಸಿ ಬಂದ ದಾರಿಗೂ ಇರುವ ಅಂತರದಿಂದ. ಹಿಂದಿನ ತಲೆಮಾರಿನ ಪಾಠದಲ್ಲಿ ಇದು ತಲೆಕೆಳಗಾಗಿತ್ತು: ದಾರಿ ಹೊರಡಿಸುತ್ತದೆ, ಮುಖ ಬಾಗಿಸುತ್ತದೆ ಅನ್ನುತ್ತಿದ್ದರು. ಚೆಂಡಿನ ಹಾರಾಟ ಅಳೆಯುವ ರೇಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪೆಂದು ಸಾಬೀತಾಯಿತು, ಆದರೂ ಹಳೆಯ ಪಾಠವನ್ನೇ ಹೇಳುವವರು ಇವತ್ತಿಗೂ ಸಿಗುತ್ತಾರೆ. ನೀವು ನೋಡುವ ವಿಡಿಯೊಗಳು ಒಂದಕ್ಕೊಂದು ಹೊಂದದಿರಲು ಇದೂ ಒಂದು ಕಾರಣ.

ಮುಖ ತೆರೆದಿದ್ದರೆ, ಅಂದರೆ ತಾಗುವಾಗ ಬಲಕ್ಕೆ ನೋಡುತ್ತಿದ್ದರೆ, ಎಡಗೈ ಹಿಡಿತವೇ ಮೊದಲ ಪ್ರಯೋಗ. ಚೆಂಡಿಗೆ ನಿಂತಾಗ ತಲೆ ಬಗ್ಗಿಸಿ ನೋಡಿ: ಎಡಗೈಯ ಎಷ್ಟು ಗೆಣ್ಣು ಕಾಣುತ್ತವೆ? ಒಂದೇ ಕಂಡರೆ ಕೈಯನ್ನು ಬಲಕ್ಕೆ ತಿರುಗಿಸಿ ಎರಡೋ ಮೂರೋ ಕಾಣುವಂತೆ ಹಿಡಿಯಿರಿ. ಮೊದಮೊದಲು ಬೇರೆಯವರ ಕೈಯಲ್ಲಿ ಆಡಿದ ಹಾಗೆ ಆಗುತ್ತದೆ, ಕೆಲವು ಚೆಂಡು ಎಡಕ್ಕೆ ನೆಗೆಯುತ್ತವೆ. ಗಾಬರಿಯಾಗಿ ಹಳೆಯ ಹಿಡಿತಕ್ಕೆ ಹೋಗಬೇಡಿ. ಹಿಡಿತ ಬದಲಿಸಿದ ವಾರವೇ ನಿಲುವನ್ನೂ ಟೀ ಎತ್ತರವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ತಿಳಿಯುವುದಿಲ್ಲ. ವಾರಕ್ಕೊಂದು ಉಪಾಯ ಮಾಡುವವರ ಆಟ ಮುಂದೆ ಹೋಗದಿರುವುದು ಇಲ್ಲೇ, ಯಾವುದಕ್ಕೂ ನೆಲೆಯೂರಲು ಅವರು ಸಮಯ ಕೊಡುವುದಿಲ್ಲ.

ಈಗ ಸಲಕರಣೆ. ನಿಮ್ಮ ಡ್ರೈವರ್ ಹೊಸಲ್‌ನಲ್ಲಿ (ಶಾಫ್ಟ್ ತಲೆಗೆ ಸೇರುವ ಕತ್ತಿನಲ್ಲಿ) ತಿರುಗಿಸುವ ಬಗೆಯದ್ದಾಗಿದ್ದರೆ ಅದರ ಪುಟ್ಟ ವ್ರೆಂಚ್ ಹುಡುಕಿ ತೆಗೆಯಿರಿ. ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಹೆಚ್ಚಿಸಿದರೆ ನೆಲದ ಮೇಲಿಟ್ಟಾಗ ಮುಖ ಸ್ವಲ್ಪ ಎಡಕ್ಕೆ ಮುಚ್ಚುತ್ತದೆ, ಇಳಿಸಿದರೆ ತೆರೆಯುತ್ತದೆ. ದೂರ ಹೋಗಲಿ ಅಂತ 9 ಡಿಗ್ರಿಗೆ ಇಳಿಸಿಕೊಂಡು, ಅದರಿಂದಲೇ ಸ್ಲೈಸ್ ಜಾಸ್ತಿ ಮಾಡಿಕೊಂಡವರು ಬೇಕಾದಷ್ಟು ಮಂದಿ. ಲಾಫ್ಟ್ ಜಾಸ್ತಿಯಾದರೆ ಹಿಮ್ಮುಖ ಸುತ್ತು ಜಾಸ್ತಿಯಾಗುತ್ತದೆ, ಪಕ್ಕಕ್ಕೆ ಬಾಗುವುದು ಕಡಿಮೆಯಾಗುತ್ತದೆ. ಲಾಫ್ಟ್ ಜಾಸ್ತಿ ಇರುವ ನಿಮ್ಮದೇ 3 ವುಡ್ ಕ್ಲಬ್ ಡ್ರೈವರ್‌ನಷ್ಟು ತಿರುಗುವುದಿಲ್ಲ ಅಲ್ಲವೇ? ಕಾರಣ ಇದೇ. ಸಾಧಾರಣ ವೇಗದಲ್ಲಿ ಬೀಸುವವರಿಗೆ 10.5 ಅಥವಾ 12 ಡಿಗ್ರಿಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಇಷ್ಟೆಲ್ಲ ಆಗಿಯೂ ಹೊಸದು ಬೇಕೆನಿಸಿದರೆ ಅಂಗಡಿಯಲ್ಲಿ ಒಂದು ಎಚ್ಚರ. ಅಲ್ಲಿ ಸಾಮಾನ್ಯವಾಗಿ ನಿಮ್ಮ ಹಳೆಯ ಕ್ಲಬ್‌ನಲ್ಲಿ ಮೊದಲು ಹೊಡೆಸಿ, ಮೈ ಬಿಸಿಯೇರಿದ ಮೇಲೆ ಹೊಸದನ್ನು ಕೈಗೆ ಕೊಡುತ್ತಾರೆ. ಬಿಸಿಯಾದ ಮೈಗೆ ಯಾವ ಕ್ಲಬ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಹಳೆಯದರಲ್ಲಿ ಐದು, ಹೊಸದರಲ್ಲಿ ಐದು, ಮತ್ತೆ ಹಳೆಯದರಲ್ಲಿ ಐದು ಅಂತ ಅದಲು ಬದಲು ಮಾಡಿ ಕೇಳಿ ಹೊಡೆಯಿರಿ. ಬರೆದುಕೊಳ್ಳುವಾಗ ಅತಿ ಉದ್ದ ಹೋದ ಚೆಂಡನ್ನಲ್ಲ, ಎಲ್ಲ ಚೆಂಡುಗಳನ್ನೂ ಬರೆಯಿರಿ, ಕೆಟ್ಟದ್ದನ್ನು ಮೊದಲು ಬರೆಯಿರಿ. ಸ್ಕೋರ್ ಕಾರ್ಡ್ ಹಾಳುಮಾಡುವುದು ಕೆಟ್ಟ ಚೆಂಡುಗಳೇ. ಐರನ್ (ಮಧ್ಯಮ ದೂರದ, ಲೋಹದ ತೆಳು ತಲೆಯ ಕ್ಲಬ್) ಕೊಳ್ಳುವಾಗ ಇನ್ನೊಂದು ವಿಷಯ: ಹಿಂದಿನ 7 ಐರನ್‌ಗಳ ಲಾಫ್ಟ್ 34-35 ಡಿಗ್ರಿ ಇರುತ್ತಿತ್ತು, ಈಗಿನ ಅನೇಕ ಸೆಟ್‌ಗಳಲ್ಲಿ 28-30 ಡಿಗ್ರಿ ಇದೆ. ಅಡಿಯಲ್ಲಿ 7 ಅಂತ ಕೊರೆದಿದ್ದರೂ ಅದು ಹಳೆಯ 6 ಅಥವಾ 5ರ ಕೆಲಸ ಮಾಡುತ್ತದೆ. ಅದು ಒಂದು ಕ್ಲಬ್ ಹೆಚ್ಚು ದೂರ ಹೋದರೆ ನಿಮ್ಮ ಆಟ ಸುಧಾರಿಸಿತು ಅಂತಲ್ಲ.

ಐರನ್ ನಿಮಗೆ ಹೊಂದುತ್ತದೆಯೇ ಅಂತ ತಿಳಿಯಲೂ ಅದೇ ಮಾರ್ಕರ್ ಸಾಕು. ಚೆಂಡಿನ ಮೇಲೆ ನೇರ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಮುಖಕ್ಕೆ ಎದುರಾಗುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲಿನ ಅಚ್ಚು ನೇರವಾಗಿ ಬಿದ್ದರೆ ಲೈ ಕೋನ, ಅಂದರೆ ಅಡಿಗೂ ಶಾಫ್ಟ್‌ಗೂ ನಡುವಿನ ಕೋನ, ಸರಿಯಿದೆ. ಗೆರೆಯ ತಲೆ ಟೋ ಕಡೆಗೆ ವಾಲಿದ್ದರೆ ತಾಗುವಾಗ ಟೋ ಮೇಲೆದ್ದಿದೆ, ಚೆಂಡು ಎಡಕ್ಕೆ ಹೋಗುವ ಒಲವಿರುತ್ತದೆ. ಹೀಲ್ ಕಡೆಗೆ ವಾಲಿದ್ದರೆ ಬಲಕ್ಕೆ. ಈ ದೋಷವಿದ್ದವರು ತಮಗೇ ಗೊತ್ತಿಲ್ಲದೆ ಅದನ್ನು ಸರಿದೂಗಿಸುವ ಸ್ವಿಂಗ್ ಕಲಿತುಬಿಡುತ್ತಾರೆ, ಆಮೇಲೆ ಕೋಚ್ ಅದನ್ನೇ ತಿದ್ದಲು ಹೆಣಗುತ್ತಾರೆ. ಅದಕ್ಕೇ ಸ್ವಿಂಗ್‌ಗೆ ಕೈ ಹಾಕುವ ಮೊದಲು ಲೈ ನೋಡಿಸಿಕೊಳ್ಳಿ ಅನ್ನುವುದು. ಫೋರ್ಜ್ ಮಾಡಿದ (ಕಾಯಿಸಿ ಬಡಿದು ಮಾಡಿದ) ಐರನ್‌ಗಳನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಡುವುದು ಕ್ಲಬ್ ರಿಪೇರಿಯವರಿಗೆ ದೊಡ್ಡ ಕೆಲಸವೇನಲ್ಲ.

ನಮ್ಮ ಈ ಕಡೆಯ ಆಟಗಾರರು ನಿಜಕ್ಕೂ ಪ್ರಯೋಗ ಮಾಡಬೇಕಾದದ್ದು ವೆಡ್ಜ್‌ನಲ್ಲಿ, ಅಂದರೆ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಹತ್ತಿರದ ಗಿಡ್ಡ ಏಟುಗಳ ಕ್ಲಬ್‌ನಲ್ಲಿ. ಡ್ರೈವರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಇದರ ಸುದ್ದಿಯನ್ನೇ ಎತ್ತುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಪುಣೆಯ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಜೂನ್ ಬಂದು ಮಳೆ ಹಿಡಿಯಿತೆಂದರೆ ಮುಂಬೈ ಚೆಂಬೂರಿನ ಪ್ರೆಸಿಡೆನ್ಸಿ ಆಗಲಿ, ಗುಡ್ಡದ ಬುಡದ ಖಾರ್ಘರ್ ಆಗಲಿ, ನಿಮ್ಮ ಪುಣೆಯ ಯೆರವಡಾ ಆಗಲಿ, ಯಾವ ಕೋರ್ಸಿನಲ್ಲೂ ಕಾಲಿಟ್ಟಲ್ಲಿ ನೀರು ಜಿನುಗುತ್ತದೆ. ಎರಡಕ್ಕೂ ಒಂದೇ ವೆಡ್ಜ್ ಒಗ್ಗುವುದಿಲ್ಲ. ಕಾರಣ ಬೌನ್ಸ್. ವೆಡ್ಜ್‌ನ ಅಡಿಯ ಹಿಂಭಾಗ ಅದರ ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುವ ಕೋನಕ್ಕೆ ಬೌನ್ಸ್ ಅನ್ನುತ್ತಾರೆ. ಬೌನ್ಸ್ 10-14 ಡಿಗ್ರಿ ಇದ್ದರೆ ಮೆತ್ತನೆ ನೆಲದಲ್ಲೂ ಸಡಿಲ ಮರಳಲ್ಲೂ ಕ್ಲಬ್ ಹೂತುಹೋಗದೆ ಜಾರುತ್ತದೆ. ಅದನ್ನೇ ಮೇ ತಿಂಗಳ ಗಟ್ಟಿ ನೆಲದ ಮೇಲೆ ಬಳಸಿದರೆ ಅಡಿ ಪುಟಿದು, ಅಂಚು ಚೆಂಡಿನ ಹೊಟ್ಟೆಗೆ ಬಡಿದು, ಚೆಂಡು ಗ್ರೀನ್ ದಾಟಿ ಆಚೆ ಹೋಗುತ್ತದೆ. ಗಟ್ಟಿ ನೆಲಕ್ಕೆ 4-6 ಡಿಗ್ರಿ ಬೌನ್ಸ್ ವಾಸಿ. ನನ್ನ ಸಲಹೆ, ಡ್ರೈವರ್‌ಗೆ ಎತ್ತಿಟ್ಟ ಹಣದ ಒಂದು ಸಣ್ಣ ಪಾಲಿನಲ್ಲಿ ಬೇರೆ ಬೌನ್ಸ್‌ನ ಇನ್ನೊಂದು ವೆಡ್ಜ್ ತಗೊಂಡು, ಋತು ನೋಡಿ ಚೀಲಕ್ಕೆ ಹಾಕಿಕೊಳ್ಳಿ. 22 ಹ್ಯಾಂಡಿಕ್ಯಾಪ್‌ನವರು ಏಟು ಕಳೆದುಕೊಳ್ಳುವುದು ಹೆಚ್ಚಾಗಿ ಗ್ರೀನ್‌ನ ಸುತ್ತಮುತ್ತಲೇ.

ಈ ಬೌನ್ಸ್ ಕೂಡ ಒಬ್ಬ ಆಟಗಾರನ ಪ್ರಯೋಗದಿಂದಲೇ ನಮ್ಮ ಚೀಲಕ್ಕೆ ಬಂದದ್ದು. ಅಮೆರಿಕದ ಜೀನ್ ಸರಾಜೆನ್‌ಗೆ ಬಂಕರ್ (ಮರಳುಗುಂಡಿ) ಅಂದರೆ ಭಯ. ಹೊವರ್ಡ್ ಹ್ಯೂಸ್ ಜೊತೆ ವಿಮಾನದಲ್ಲಿ ಕೂತಿದ್ದಾಗ, ಬಾಲ ಕೆಳಗಿಳಿದರೆ ವಿಮಾನದ ಮೂತಿ ಮೇಲೇಳುವುದನ್ನು ಗಮನಿಸಿದೆ ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ. ತಮ್ಮ ಕ್ಲಬ್‌ನ ಅಡಿಯ ಹಿಂಭಾಗಕ್ಕೆ ಸೀಸ ಬೆಸೆದು, ಅರದಿಂದ ಉಜ್ಜಿ, ಮರಳಲ್ಲಿ ಹೊಡೆದು ನೋಡಿ, ಮತ್ತೆ ಉಜ್ಜಿ ಸರಿಮಾಡಿಕೊಂಡರು. ಅದೇ ಕ್ಲಬ್ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದರು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಯಾರಿಸಿದ ಪಟರ್‌ನಿಂದಲೇ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ಕ್ಲಬ್ ತಯಾರಿಸುವ ಪಿಂಗ್ ಕಂಪನಿ ಹುಟ್ಟಿತು. ಬ್ರೈಸನ್ ಡಿಶಾಂಬೊ ತಮ್ಮ ಐರನ್‌ಗಳನ್ನೆಲ್ಲ ಒಂದೇ ಉದ್ದಕ್ಕೆ ಮಾಡಿಸಿಕೊಂಡು 2020ರ ಯುಎಸ್ ಓಪನ್ ಗೆದ್ದರು. ಇವರು ಮೂವರೂ ತಮಗಿದ್ದ ಒಂದು ನಿರ್ದಿಷ್ಟ ತೊಂದರೆಯನ್ನು ಹಿಡಿದುಕೊಂಡು ಅದರ ಬೆನ್ನು ಬಿಡಲಿಲ್ಲ. ಪ್ರಯೋಗ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ, ಈ ಆಟದ ಸೊಗಸಿನಲ್ಲಿ ಅದಕ್ಕೂ ದೊಡ್ಡ ಪಾಲಿದೆ.

ರೇಂಜಿನ ಬಗ್ಗೆ ಎರಡು ಮಾತು. ಮ್ಯಾಟ್ ಮೇಲೆ ಹೊಡೆದಾಗ, ಚೆಂಡಿಗೆ ಮೊದಲೇ ನೆಲ ತಾಗಿದರೂ ಕ್ಲಬ್ ಪುಟಿದು ಚೆಂಡನ್ನು ಎತ್ತಿಬಿಡುತ್ತದೆ. ಹುಲ್ಲಿನ ಮೇಲಾಗಿದ್ದರೆ ಅದೇ ಏಟು ಅರ್ಧ ದಾರಿಯಲ್ಲಿ ಬೀಳುತ್ತಿತ್ತು. ಹಾಗಾಗಿ ಐರನ್ ಪ್ರಯೋಗಕ್ಕೆ ಹುಲ್ಲು ಸಿಗುವ ಜಾಗ ಹುಡುಕಿ. ರೇಂಜಿನ ಸವೆದ ಚೆಂಡು ಹಿಡಿದು ದೂರದ ಲೆಕ್ಕ ಹಾಕಬೇಡಿ, ದಿಕ್ಕು ನೋಡಲು ಮಾತ್ರ ಬಳಸಿ. ಕೋರ್ಸಿನಲ್ಲೂ ಸಿಕ್ಕಿದ ಚೆಂಡನ್ನೆಲ್ಲ ಆಡುವುದು ಬೇಡ, ಒಂದೇ ಮಾದರಿಗೆ ಅಂಟಿಕೊಳ್ಳಿ. ಯುರೆಥೇನ್ ಹೊದಿಕೆಯ ಚೆಂಡು ಗ್ರೀನ್ ಹತ್ತಿರ ಹೆಚ್ಚು ಸುತ್ತಿ ಬೇಗ ನಿಲ್ಲುತ್ತದೆ, ಅಗ್ಗದ ಗಟ್ಟಿ ಹೊದಿಕೆಯದ್ದು ಉರುಳಿ ಮುಂದೆ ಹೋಗುತ್ತದೆ. ಈ ರೌಂಡ್‌ಗೆ ಅದು, ಮುಂದಿನದಕ್ಕೆ ಇದು ಅಂತಾದರೆ ಗ್ರೀನ್ ಹತ್ತಿರದ ಚಿಪ್ ಏಟು ಕೈಗೆ ಹತ್ತುವುದೇ ಇಲ್ಲ.

ಊರಿಗೆ ಹೋದಾಗ ಬೆಂಗಳೂರಿನಲ್ಲಿ ಆಡಿ ಬಂದವರಿಗೆ ಇನ್ನೊಂದು ಗೊಂದಲವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಪುಣೆ ಸುಮಾರು 560 ಮೀಟರ್, ಮುಂಬೈ ಕಡಲ ದಡದಲ್ಲೇ ಇದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಚೆಂಡು ಹೆಚ್ಚು ದೂರ ಹೋಗುತ್ತದೆ. ಬೆಂಗಳೂರಿನಲ್ಲಿ 150 ಗಜ ಹೋಗುವ ಐರನ್ ಚೆಂಬೂರಿನಲ್ಲಿ ಸುಮಾರು ಐದು ಗಜ ಕಮ್ಮಿ ಬಿದ್ದರೆ ಅದು ನಿಮ್ಮ ಸ್ವಿಂಗ್‌ನ ತಪ್ಪಲ್ಲ. ಮುಂಬೈಯ ಸೆಕೆಗಾಳಿ ಭಾರ ಅನ್ನುವವರಿದ್ದಾರೆ. ನಿಜವಾಗಿ ತೇವದ ಗಾಳಿ ಒಣಗಾಳಿಗಿಂತ ತುಸು ಹಗುರ. ಸೆಕೆ ಹಾಳುಮಾಡುವುದು ಗ್ರಿಪ್ಪನ್ನು: ಬೆವರು, ಎಣ್ಣೆ ಕೂತು ರಬ್ಬರ್ ಜಾರುತ್ತದೆ, ಜಾರಿದರೆ ಬಿಗಿಯಾಗಿ ಹಿಡಿಯುತ್ತೀರಿ, ಬಿಗಿಹಿಡಿದರೆ ಮಣಿಕಟ್ಟು ತಿರುಗದೆ ಮುಖ ತೆರೆದೇ ಉಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗ್ರಿಪ್ ಉಜ್ಜಿ ಒಣಗಿಸಿ. ಆಗಲೂ ಹೊಳೆಯುತ್ತಿದ್ದರೆ ಹೊಸ ಗ್ರಿಪ್ ಹಾಕಿಸಿ. ಇಷ್ಟರಿಂದಲೇ ಸ್ಲೈಸ್ ಕಮ್ಮಿಯಾದವರನ್ನು ಕಂಡಿದ್ದೇನೆ.

ನಿಮ್ಮ ಕ್ಯಾಡಿಯನ್ನೂ ಕೇಳಿ. ವಾರವಾರವೂ ನಿಮ್ಮ ಚೆಂಡಿನ ಹಿಂದೆ ನಡೆಯುವವರು ಅವರು. ಎಷ್ಟು ಚೆಂಡು ಬಲಕ್ಕೆ ಹೋದವು, ಎಷ್ಟು ಪಟ್ ತಪ್ಪಿದವು ಅನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ಡ್ರೈವರ್‌ಗಿಂತ ಪಟರ್‌ನಲ್ಲಿ ಹೆಚ್ಚು ಕಳೆದುಕೊಳ್ಳುತ್ತೀರಿ ಅಂತ ಅವರು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಉದ್ದ ಹೊಡೆದು ಅಲ್ಲ, ಅಲ್ಲಿದ್ದ ಅನೇಕರಿಗಿಂತ ಅವರ ಡ್ರೈವ್ ಗಿಡ್ಡ. ಪಟಿಂಗ್‌ನಲ್ಲಿ ಆ ವಾರ ಅವರ ಕೈ ಅದ್ಭುತವಾಗಿ ಓಡಿತು.

ಕೊನೆಗೆ ನಿಯಮ. ರೌಂಡ್ ಶುರುವಾದ ಮೇಲೆ ಡ್ರೈವರ್‌ನ ಲಾಫ್ಟ್ ತಿರುಗಿಸುವುದಾಗಲಿ, ಸೀಸದ ಪಟ್ಟಿ ಅಂಟಿಸುವುದಾಗಲಿ ಕೂಡದು. ಹಾಗೆ ಬದಲಿಸಿದ ಕ್ಲಬ್‌ನಲ್ಲಿ ಒಂದು ಏಟು ಹೊಡೆದರೂ ಸ್ಪರ್ಧೆಯಿಂದ ಹೊರಗೆ. ಆದರೆ 14 ಕ್ಲಬ್‌ಗಳ ಮಿತಿಯೊಳಗೆ ಎರಡು ಡ್ರೈವರ್ ಇಟ್ಟುಕೊಳ್ಳಲು ಯಾವ ತಡೆಯೂ ಇಲ್ಲ. ಫಿಲ್ ಮಿಕಲ್ಸನ್ 2006ರ ಮಾಸ್ಟರ್ಸ್ ಗೆದ್ದದ್ದು ಎರಡು ಡ್ರೈವರ್ ಹೊತ್ತೇ. ಹೊಸದು ಕೊಂಡರೂ ಹಳೆಯದನ್ನು ಕೂಡಲೇ ಮಾರಬೇಡಿ, ಗೆಳೆಯರ ಜೊತೆ ಆಡುವ ರೌಂಡ್‌ಗಳಿಗೆ ಎರಡನ್ನೂ ಒಯ್ಯಿರಿ, ಒಂದು ಹೋಲ್‌ಗೆ ಇದು, ಮುಂದಿನದಕ್ಕೆ ಅದು ಅಂತ ಆಡಿ ಕಾರ್ಡಿನ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಾ ಹೋಗಿ. ಒಂದು ಮಳೆಗಾಲ ಮುಗಿಯುವುದರೊಳಗೆ ಯಾವುದನ್ನು ಮಾರಬೇಕು ಅನ್ನುವುದು ಕಾರ್ಡುಗಳಲ್ಲೇ ಬರೆದಿರುತ್ತದೆ.