ಬೇಳೆ ಹೊತ್ತು ಏಳುವ ಇಂಗಾಲ

‘ವೇಗವರ್ಧಕ ಕ್ರಿಯೆಯನ್ನು ಚುರುಕಾಗಿಸುತ್ತದೆ, ತಾನು ಮಾತ್ರ ಬದಲಾಗುವುದಿಲ್ಲ.’ ಶಾಲೆಯ ಈ ಬಾಯಿಪಾಠವನ್ನು ರಾಸಾಯನಿಕ ರಿಯಾಕ್ಟರ್ ನಡೆಸುವವರ ಮುಂದೆ ಹೇಳಿದರೆ ನಕ್ಕಾರು. ಅವರ ಅರ್ಧ ಆಯುಷ್ಯ ಕಳೆಯುವುದೇ ಸತ್ತ ವೇಗವರ್ಧಕದ ಜೊತೆ.

ಕಾಕಂಬಿಯ ಎಥನಾಲನ್ನೇ ನೋಡಿ. 46 ಗ್ರಾಂ ಎಥನಾಲಿಗೆ 54 ಗ್ರಾಂ ನೀರಿನ ಹಬೆ ಸೇರಿಸಿ, ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಕಲ್ ವೇಗವರ್ಧಕದ ಮೇಲೆ ಹಾಯಿಸಿದರೆ ಲೆಕ್ಕದಂತೆ 12 ಗ್ರಾಂ ಹೈಡ್ರೋಜನ್. ಅದರಲ್ಲಿ ಅರ್ಧ ನೀರಿನದೇ. (ಇದನ್ನು ಕೇಳಿ ‘ನೀರಲ್ಲಿ ಓಡುವ ಕಾರು’ ಎನ್ನಬೇಡಿ, ಶಕ್ತಿ ಬರುವುದು ಎಥನಾಲಿನಿಂದ ಮತ್ತು ನಾವು ಕೊಡುವ ಶಾಖದಿಂದ.) ಪೆಟ್ರೋಲಿಗೆ ಬೆರೆಸುವಾಗಿನಂತೆ ಎಥನಾಲಿನ ನೀರನ್ನೆಲ್ಲ ತೆಗೆಯುವ ಖರ್ಚೂ ಇಲ್ಲ.

ತೊಡಕು ಮಸಿಯದು. ನಿಕಲ್ಲಿನ ನ್ಯಾನೋ ಕಣಗಳು ಕೂತಿರುವ ಅಲ್ಯುಮಿನಾಕ್ಕೆ (ಅಲ್ಯೂಮಿನಿಯಂ ಆಕ್ಸೈಡಿಗೆ) ಆಮ್ಲಗುಣವಿದೆ. ಅದು ಎಥನಾಲನ್ನು ಎಥಿಲೀನ್ ಮಾಡುತ್ತದೆ, ಎಥಿಲೀನ್ ಕರಿಕಾಗುತ್ತದೆ. ಇನ್ನೊಂದು ಬಗೆ ಹೆಚ್ಚು ಕುತೂಹಲದ್ದು. ಒಡೆದ ಅಣುವಿನ ಇಂಗಾಲ ನಿಕಲ್ ಕಣದೊಳಗೆ ಕರಗಿ, ಹಿಂಬದಿಯಿಂದ ಒರಳಿನ ಶಾವಿಗೆಯಂತೆ ಎಳೆಯಾಗಿ ಹೊರಬರುತ್ತದೆ. ಹುಣಸೆ ಮೊಳಕೆ ಬೇಳೆಯನ್ನು ತಲೆಯ ಮೇಲೆ ಹೊತ್ತು ಏಳುತ್ತದಲ್ಲ, ಹಾಗೆ ಈ ಎಳೆ ನಿಕಲ್ ಕಣವನ್ನೇ ಕಿತ್ತು ಮೇಲೆತ್ತುತ್ತದೆ. ತುದಿಯಲ್ಲಿದ್ದೂ ಕಣ ದುಡಿಯುತ್ತಲೇ ಇರುತ್ತದೆ! ಹಾಗಾಗಿ ಹೈಡ್ರೋಜನ್ ಕಡಿಮೆಯಾಗದೆಯೇ ವೇಗವರ್ಧಕದ ಗುಳಿಗೆಗಳನ್ನು ತುಂಬಿದ ಕೊಳವೆ ಕಟ್ಟಿಕೊಳ್ಳುತ್ತದೆ, ಗುಳಿಗೆಗಳು ಒಡೆದು ಪುಡಿಯಾಗುತ್ತವೆ. ಮೊದಲ ಸುಳಿವು ಕೊಡುವುದು ಕೊಳವೆಯ ಎರಡು ತುದಿಗಳ ಒತ್ತಡದ ಅಂತರ.

ಮಸಿ ಸುಡಲು ಒಮ್ಮೆಲೇ ಗಾಳಿ ಬಿಟ್ಟರೆ ಕೆಟ್ಟಿತು, ಮಸಿ ಭಗ್ಗನೆ ಉರಿದು ಕಾವು ಏರಿಬಿಡುತ್ತದೆ. ನಿಕಲ್ ಕರಗುವುದು 1455 ಡಿಗ್ರಿಯಲ್ಲಾದರೂ ಕೆಲ್ವಿನ್ ಲೆಕ್ಕದಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿ) ಅದರ ಅರ್ಧಕ್ಕೆ, ಅಂದರೆ ಸುಮಾರು 590 ಡಿಗ್ರಿಗೇ, ಪರಮಾಣುಗಳು ಜಾಗ ಬಿಡತೊಡಗುತ್ತವೆ. ಸಾರಿನ ಮೇಲಿನ ಎಣ್ಣೆಹನಿಗಳಂತೆ ಕಣಗಳು ಕೂಡಿಕೊಂಡು ದಪ್ಪವಾಗುತ್ತವೆ. ಆದ್ದರಿಂದ ನೈಟ್ರೋಜನ್‌ನಲ್ಲಿ ಶೇ. 1–2 ಆಕ್ಸಿಜನ್ ಬೆರೆಸಿ, 400 ಡಿಗ್ರಿಯ ಆಸುಪಾಸಿನಲ್ಲಿ ನಿಧಾನಕ್ಕೆ ಸುಡಬೇಕು.

ಮಸಿ ಕೂರದಂತೆ ಮಾಡಲು ಪೊಟ್ಯಾಸಿಯಂ ಅಥವಾ ಮೆಗ್ನೀಷಿಯಾ ಸೇರಿಸಿ ಆಮ್ಲಗುಣ ತಗ್ಗಿಸುತ್ತಾರೆ. ಹಬೆ ಹೆಚ್ಚಿಸಿದರೂ ಆದೀತು, ಅಷ್ಟು ನೀರು ಕುದಿಸುವ ಖರ್ಚು ಬೇರೆ. ನನ್ನ ಒಲವು ಸೀರಿಯಾದ (ಸೀರಿಯಂ ಲೋಹದ ಆಕ್ಸೈಡಿನ) ಕಡೆಗೆ: ಅದು ತನ್ನ ಆಕ್ಸಿಜನ್ ಕೊಟ್ಟು ಇಂಗಾಲವನ್ನು ಸುಟ್ಟು, ಕೊಟ್ಟಷ್ಟನ್ನು ಹಬೆಯಿಂದ ವಾಪಸ್ ಪಡೆಯುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ತಂಡ 2004ರಲ್ಲಿ ಎಥನಾಲಿನಿಂದ ಹೈಡ್ರೋಜನ್ ತೆಗೆದದ್ದು ರೋಡಿಯಂ ಲೋಹ ಕೂರಿಸಿದ ಸೀರಿಯಾದಿಂದಲೇ. ರೋಡಿಯಂ ಬೆಲೆ ಮಾತ್ರ ಕೇಳಬೇಡಿ.

‘ನೂರು ಗಂಟೆ, ನೂರಕ್ಕೆ ನೂರು ಪರಿವರ್ತನೆ’ (ಹಾಯಿಸಿದ ಎಥನಾಲೆಲ್ಲ ಕ್ರಿಯೆಗೊಂಡಿತು) ಎಂಬ ವರದಿ ಕಂಡರೆ ವೇಗವರ್ಧಕ ಎಷ್ಟು ತುಂಬಿದ್ದರು ಎಂದು ಮೊದಲು ನೋಡಿ. ಹತ್ತಾಳಿನ ಕೆಲಸಕ್ಕೆ ನಲವತ್ತಾಳು ಬಿಟ್ಟಿದ್ದರೆ ಮೂವತ್ತು ಜನ ಮಲಗಿದರೂ ಗೊತ್ತಾಗದು. ಬಾಳಿಕೆ ಅಳೆಯಬೇಕಾದದ್ದು ಪರಿವರ್ತನೆ ಅರ್ಧದಷ್ಟಿರುವಾಗ. ಒಂದಾಳು ಕೈಬಿಟ್ಟರೂ ಆಗ ಲೆಕ್ಕಕ್ಕೆ ಸಿಗುತ್ತದೆ.