ಸ್ಕ್ರೀನ್‌ಶಾಟ್ ಮೇಲೆ ತಕರಾರಿದ್ದರೆ ಆಗಲೇ ಹೇಳಬೇಕಿತ್ತು

ಸ್ಟಾಕಿಂಗ್ (ಹೆಣ್ಣುಮಗಳು ಬೇಡವೆಂದರೂ ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕಿಸುವುದು) ಕೇಸಿನಲ್ಲಿ ಶಿಕ್ಷೆಯಾಗಿ ಅಪೀಲಿಗೆ ಬರುವವರು ಕೂರುವ ಮುಂಚೆಯೇ ಕೇಳುತ್ತಾರೆ: "ಸರ್, ಆ ಸ್ಕ್ರೀನ್‌ಶಾಟ್‌ಗೆ ಸರ್ಟಿಫಿಕೇಟೇ ಇಲ್ಲ, ಕೇಸು ಬಿದ್ದುಹೋಗುತ್ತೆ ಅಲ್ವಾ?" ಯಾವುದೋ ವಿಡಿಯೋದಲ್ಲಿ ನೋಡಿರುತ್ತಾರೆ.

ಫೋನಿನಿಂದಲೋ ಕಂಪ್ಯೂಟರಿನಿಂದಲೋ ತೆಗೆದ ಪ್ರತಿಯನ್ನು ದೃಢೀಕರಿಸುವ ಸರ್ಟಿಫಿಕೇಟ್ ಬೇಕು ಅನ್ನೋದು ನಿಜ. ಮೊದಲು ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 65ಬಿ, 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63. ಆದರೆ ಅದಿಲ್ಲ ಅಂತ ತಕರಾರು ತೆಗೆಯುವುದು ಯಾವಾಗ? ವಿಚಾರಣೆಯಲ್ಲಿ ಆ ಪ್ರಿಂಟನ್ನು ಸಾಕ್ಷಿಯ ಕೈಯಲ್ಲಿ ಕೊಟ್ಟು, ದಾಖಲೆಯಾಗಿ ನಿಶಾನೆ (ನಂಬರು) ಹಾಕುತ್ತಾರಲ್ಲ, ಆಗ. ಆಗ ಸುಮ್ನೆ ಕೂತು, ಎರಡು ವರ್ಷ ಬಿಟ್ಟು ಅಪೀಲಿನಲ್ಲಿ ಮೊದಲ ಸಲ ಎತ್ತಿದರೆ ಸಾಮಾನ್ಯವಾಗಿ ಕೇಳುವುದಿಲ್ಲ. 2017ರಲ್ಲಿ ಸೋನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿದ್ದದ್ದು ಫೋನ್ ಕರೆಗಳ ಪಟ್ಟಿ. ಕಾರಣವೂ ಸರಳ: ಅಂದೇ ಆಕ್ಷೇಪಿಸಿದ್ದರೆ ಸರ್ಕಾರಿ ವಕೀಲರು ಸರ್ಟಿಫಿಕೇಟ್ ತರಿಸಿ ಸರಿಪಡಿಸುತ್ತಿದ್ದರು. ಆ ಅವಕಾಶ ಕೊಡದೆ ಈಗ ತಪ್ಪು ಹಿಡಿಯುವ ಹಾಗಿಲ್ಲ. ಅಪೀಲು ಅಂದರೆ ಇನ್ನೊಂದು ವಿಚಾರಣೆ ಅಲ್ಲ, ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ.

ಒಬ್ಬ ಹುಡುಗ ಬಂದಿದ್ದ. ಮೆಸೇಜುಗಳೆಲ್ಲ ಸೃಷ್ಟಿ, ನಾನು ಕಳಿಸಿಯೇ ಇಲ್ಲ ಅಂತ ವಾದ. ಫೈಲು ತೆಗೆದೆ. ದೂರುದಾರಳ ಪಾಟೀಸವಾಲಿನಲ್ಲಿ ಅವನ ವಕೀಲರೇ ಕೇಳಿದ್ದಾರೆ: "ಕೊಟ್ಟ ಸಾಲ ವಾಪಸ್ ಕೇಳಲು ಆರೋಪಿ ಈ ಮೆಸೇಜು ಕಳಿಸಿದ್ದು ಅಂದರೆ ಸರಿಯೇ?" ಕಳಿಸಿದ್ದನ್ನು ಅವರೇ ಒಪ್ಪಿದ ಹಾಗಾಯ್ತು. ಹುಡುಗ ಓದಿ ಸುಮ್ಮನಾದ. ಅವನ ಅಮ್ಮ ಮಾತ್ರ ಕ್ಯಾಲೆಂಡರ್ ಬಿಡಿಸಿ, ಜಾಮೀನಿನ ಮೇಲೆ ಹೊರಗಿದ್ದ ದಿನಗಳೂ ಶಿಕ್ಷೆಯಲ್ಲಿ ಕಳೆಯುತ್ತವಾ ಅಂತ ಕೇಳಿದರು. ಪಾಪ, ಇಲ್ಲ ಅನ್ನಲು ನನಗೂ ಕಷ್ಟವಾಯ್ತು.

ತೀರ್ಪಿಗೆ ಮುಂಚೆ, ಇದೇ ಕೇಸಿನಲ್ಲಿ ಜೈಲಿನಲ್ಲಿದ್ದ ದಿನಗಳು ಮಾತ್ರ ಕಳೆಯುತ್ತವೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 428, ಈಗ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 468. ದಂಡ ಕಟ್ಟದಿದ್ದಕ್ಕೆ ಅನುಭವಿಸುವ ಸಜೆಗೆ ಈ ಕಡಿತವಿಲ್ಲ. ತೀರ್ಪಿನಲ್ಲಿ ದಿನಗಳ ಲೆಕ್ಕ ತಪ್ಪಿದ್ದರೆ ಜೈಲಿನ ದಾಖಲೆ ತನ್ನಿ, ಆ ವಾದಕ್ಕೆ ಜೀವ ಇದೆ.

ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟಿದ್ದರೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಬನ್ನಿ. ಬರೀ ತೀರ್ಪಲ್ಲ, ಸಾಕ್ಷಿಗಳ ಹೇಳಿಕೆಗಳ ಪ್ರತಿಯೂ ಇರಲಿ. ಅವನ್ನು ಓದದೆ ಗೆಲ್ಲುತ್ತೀರಿ ಅಂತ ನಾನಂತೂ ಹೇಳಲ್ಲ. ಮತ್ತೆ, "ರಾಜಿ ಮಾಡ್ಕೊಳ್ಳೋಣ" ಅಂತ ಆ ಹೆಣ್ಣುಮಗಳಿಗೆ ಮೆಸೇಜು ಹಾಕಬೇಡಿ. ಹಾಕಿದವರಿದ್ದಾರೆ. ಅದೇ ಇನ್ನೊಂದು ಸ್ಟಾಕಿಂಗ್ ಕೇಸಾಗಿ ಎರಡನೇ ಸಲ ಶಿಕ್ಷೆಯಾದರೆ, ಜೈಲಿನ 3 ವರ್ಷದ ಗರಿಷ್ಠ ಮಿತಿ 5ಕ್ಕೆ ಏರುತ್ತದೆ.